ಕತ್ತಲಾಗೋಕೆ ಮುಂಚೆ ಒಂದು ಗೂಡು

ಮೈನ್‌ಕ್ರಾಫ್ಟ್ ಅಂತ ಒಂದು ಆಟ. ಸ್ವೀಡನ್ ದೇಶದವರು ಮಾಡಿದ್ದು, ಪೂರ್ತಿಯಾಗಿ ಹೊರಬಂದದ್ದು 2011ರಲ್ಲಿ. ಪೆನ್ನಾಗರಂ ಕಡೆಯ ನಮ್ಮ ಮಕ್ಕಳೂ ಫೋನಿನಲ್ಲಿ ಆಡ್ತಾರೆ. ಮೊಮ್ಮಗನ ಪಕ್ಕ ಕೂತು ನಾನು ಕಲಿತದ್ದನ್ನು ಹೊಸಬರಿಗೆ ಹೇಳ್ತೀನಿ.

ಅಲ್ಲಿ ಹಗಲು 10 ನಿಮಿಷ ಅಷ್ಟೇ. ಬರಿಗೈಲಿ ಮರ ಮುರಿದು ಮೊದಲು ಹಲಗೆ ಮಾಡ್ಕೊಳ್ಳಿ, ಆಮೇಲೆ ಮೇಜು, ಪಿಕಾಸಿ. ಕತ್ತಲಾದರೆ ಪಿಶಾಚಿಗಳು ಬರ್ತವೆ. ಅಷ್ಟರಲ್ಲಿ ಗುಡ್ಡ ಕೊರೆದು ಒಳಗೆ ಸೇರಿ ಬಾಯಿ ಮುಚ್ಚಿ. 3 ಉಣ್ಣೆ, 3 ಹಲಗೆ ಸೇರಿದರೆ ಹಾಸಿಗೆ. ರಾತ್ರಿ ಮಲಗಿದರೆ ಬೆಳಗಾಗುತ್ತೆ. ಕಾಲಡಿಗೆ ನೇರ ಅಗೀಬೇಡಿ, ಕೆಳಗೆ ಬೆಂಕಿಯ ಮಡು ಇದ್ದೀತು. ಮೆಟ್ಟಿಲು ಕಡೀತಾ ಇಳೀರಿ. ಬಾವಿ ತೋಡಿದವರಿಗೆ ಇದು ಹೊಸ ಮಾತಲ್ಲ.

ಹುಲ್ಲು ಕಿತ್ತರೆ ಗೋಧಿ ಬೀಜ ಸಿಗುತ್ತೆ. ಒಂದು ಚೌಕ ನೀರು ಸುತ್ತ 4 ಚೌಕದವರೆಗೂ ನೆಲ ನೆನೆಸುತ್ತೆ.

“ತಾತ, ನಮ್ಮ ಹೊಲಕ್ಕೆ ನೀರು ಎಲ್ಲಿಂದ?” ಅಂದ ಹುಡುಗ.

ನಮ್ಮದು ಮಳೆ ನಂಬಿದ ರಾಗಿ ಹೊಲ. ಅವನು ಓದೋದು ತಮಿಳು ಶಾಲೇಲಿ. ಹೊಲದ ಬಗ್ಗೆ ಅವನು ಕೇಳಿದ ಮೊದಲ ಮಾತು ಅದು, ಅದೂ ಕನ್ನಡದಲ್ಲಿ.

ಆಟದಲ್ಲಿ ಸತ್ತರೆ ಮತ್ತೆ ಹುಟ್ಟಬಹುದು. ಕೈಬಿಟ್ಟ ಹೊಲ, ಮರೆತ ಮಾತು ಹಾಗೆ ಹುಟ್ಟೋದಿಲ್ಲ. ಮೇಷ್ಟ್ರೇ, ಹಿರಿಯರೇ, ಫೋನ್ ಕಿತ್ಕೊಳ್ಳೋಕೆ ಮುಂಚೆ ಒಂದು ಗಳಿಗೆ ಮಗುವಿನ ಪಕ್ಕ ಕೂರಿ.