ಮಧ್ಯಾಹ್ನ ಮೂರು ಗಂಟೆಯ ಕೊಲೆ

ಅಮ್ಮ ಕಾವೆಂಟ್ರಿಗೆ ಬಂದದ್ದು ಒಂದು ಅಕ್ಟೋಬರ್‌ನಲ್ಲಿ, ಆರು ತಿಂಗಳ ವೀಸಾ ಮೇಲೆ. ಅಪ್ಪ ಹೋಗಿ ವರ್ಷವಾಗಿತ್ತು. ತಿಪಟೂರಿನ ಮನೆಯಲ್ಲಿ ಒಬ್ಬಳೇ ಇರೋದು ಬೇಡ ಅಂತ ಕರೆಸಿಕೊಂಡೆನೇ ಹೊರತು, ಇಲ್ಲಿ ಬಂದು ಏನು ಮಾಡ್ತಾಳೆ ಅಂತ ಯೋಚಿಸಿರಲಿಲ್ಲ. ಚಳಿಗಾಲದಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ನಾನು ಬೆಳಿಗ್ಗೆ ಎಂಟಕ್ಕೆ ಹೋದರೆ ಬರೋದು ಸಂಜೆ ಆರಕ್ಕೆ. ಅಕ್ಕಪಕ್ಕದವರು ಬೇಲಿಯಾಚೆಯಿಂದ ಮಳೆಯ ಬಗ್ಗೆ ಒಂದು ಮಾತಾಡಿ ಒಳಗೆ ಹೋಗಿಬಿಡುವವರು. ಟೀವಿ ರಿಮೋಟನ್ನು ಅಮ್ಮನ ಕೈಗೆ ಕೊಟ್ಟು, ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಎರಡನೇ ವಾರ ಒಂದು ದಿನ ಬೇಗ ಬಂದೆ. ನೋಡಿದರೆ ಅಮ್ಮ ಸೆರಗಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದಾಳೆ. ಹಳೇ ಕಾರ್ಯಕ್ರಮಗಳನ್ನೇ ಮತ್ತೆ ಮತ್ತೆ ಹಾಕುವ ಚಾನೆಲ್ ಒಂದನ್ನು ಅವಳೇ ಹುಡುಕಿಕೊಂಡಿದ್ದಳು. ಪರದೆಯ ಮೇಲೆ ಹೂವಿನ ಫ್ರಾಕು, ದೊಡ್ಡ ಹ್ಯಾಟು ಹಾಕಿಕೊಂಡ ಹಯಸಿಂತ್ ಗಂಡನಿಗೆ ಕಾರು ಓಡಿಸುವುದನ್ನು ಹೇಳಿಕೊಡುತ್ತಿದ್ದಳು. 'ಕೀಪಿಂಗ್ ಅಪ್ ಅಪಿಯರೆನ್ಸಸ್', 1990ರಿಂದ 1995ರವರೆಗೆ ಬಿಬಿಸಿಯಲ್ಲಿ ಬಂದ ಧಾರಾವಾಹಿ. ರಾಯ್ ಕ್ಲಾರ್ಕ್ ಬರೆದದ್ದು, ಹಯಸಿಂತ್ ಪಾತ್ರದಲ್ಲಿ ಪೆಟ್ರೀಷಿಯಾ ರೌಟ್ಲೆಜ್.

ಅಮ್ಮನ ಇಂಗ್ಲಿಷು ಎಸ್ಸೆಸ್ಸೆಲ್ಸಿಗೆ ನಿಂತದ್ದು. ಏನು ಅರ್ಥವಾಯ್ತಮ್ಮ ಅಂದೆ. 'ಅವಳ ಗಂಡನ ಮನೆ ಹೆಸರು ಬಕೆಟ್ ಅಂತೆ ಕಣೋ. ಇವಳು ಫೋನ್ ಎತ್ತಿದ್ರೆ ಬೊಕೆ ಬೊಕೆ ಅಂತಾಳೆ!' ಅಂತ ಮತ್ತೆ ನಗು. ಬಚ್ಚಲುಮನೆಯ ಬಕೆಟ್ಟೂ ಮದುವೆಮನೆಯ ಬೊಕೆಯೂ ಕನ್ನಡವೇ ಆಗಿಬಿಟ್ಟಿರುವುದರಿಂದ ಇಡೀ ಧಾರಾವಾಹಿಯ ತಿರುಳು ಅಮ್ಮನಿಗೆ ಅನುವಾದವಿಲ್ಲದೆ ದಕ್ಕಿತ್ತು. ಹಯಸಿಂತ್‌ಗೆ ತಾನು ದೊಡ್ಡ ಮನೆತನದವಳು ಅನ್ನಿಸಿಕೊಳ್ಳಬೇಕು. ಆದರೆ ತಂಗಿ ಡೈಸಿಯ ಮನೆ ಮುಂದೆ ಕೆಟ್ಟುನಿಂತ ಕಾರು, ಒಳಗೆ ಬನಿಯನ್‌ನಲ್ಲಿ ಬಿದ್ದುಕೊಂಡಿರುವ ಅವಳ ಗಂಡ ಆನ್ಸ್ಲೋ. ಅವರ ಕಾರಿನ ಸದ್ದು ಕೇಳಿದರೆ ಸಾಕು, ಹಯಸಿಂತ್ ಬಚ್ಚಿಟ್ಟುಕೊಳ್ಳಲು ಜಾಗ ಹುಡುಕುತ್ತಾಳೆ. ಪಕ್ಕದ ಮನೆಯ ಎಲಿಜಬೆತ್‌ಗೆ ಇವಳ ರಾಯಲ್ ಡೌಲ್ಟನ್ ಪಿಂಗಾಣಿ ಕಪ್ಪು ಹಿಡಿದರೇ ಕೈ ನಡುಗಿ ಕಾಫಿ ಚೆಲ್ಲುತ್ತದೆ. 'ನಮ್ಮ ಬೀದಿ ಕೊನೇ ಮನೆ ಇಂಜಿನಿಯರ್ ಹೆಂಡ್ತಿ ಇದ್ಲಲ್ಲ, ಥೇಟ್ ಅವಳೇ. ತಂಗಿ ಬಂದ್ರೆ ಹಿತ್ತಲ ಬಾಗಿಲಲ್ಲಿ ಕರ್ಕೊಳೋಳು,' ಅಂದಳು ಅಮ್ಮ.

ಹಯಸಿಂತ್ ಮನೆಯ ಹೊರಗಿನ ದೃಶ್ಯಗಳನ್ನೆಲ್ಲ ತೆಗೆದದ್ದು ನಮ್ಮೂರ ಪಕ್ಕದ ಬಿನ್ಲೆ ವುಡ್ಸ್‌ನಲ್ಲಿ, ಡೈಸಿ ಮನೆಯದ್ದು ಕಾವೆಂಟ್ರಿಯಲ್ಲೇ. ಇದನ್ನು ಹೇಳಿದ ಮೇಲಂತೂ ಅಮ್ಮ ಬಸ್ಸಿನ ಕಿಟಕಿಯಿಂದ ಪ್ರತಿ ಮನೆಯನ್ನೂ ಅನುಮಾನದಿಂದ ನೋಡತೊಡಗಿದಳು.

ಹಾಸ್ಯದ ಹಿಂದೆಯೇ ಕೊಲೆಗಳು ಬಂದವು. ಮಧ್ಯಾಹ್ನ ಮೂರಕ್ಕೆ ಮಿಸ್ ಮಾರ್ಪಲ್. ಈ ಪಾತ್ರವನ್ನು ಎಷ್ಟೋ ಜನ ಮಾಡಿದ್ದಾರೆ, ನನಗೆ ಮಾತ್ರ ಜೋನ್ ಹಿಕ್ಸನ್ ಬಿಟ್ಟರೆ ಇನ್ನೊಬ್ಬರಿಲ್ಲ. 1940ರ ದಶಕದಲ್ಲಿ ಅಗಾಥಾ ಕ್ರಿಸ್ಟಿ ತಮ್ಮದೇ ನಾಟಕವೊಂದರಲ್ಲಿ ಹಿಕ್ಸನ್‌ರನ್ನು ನೋಡಿ, ಮುಂದೊಂದು ದಿನ ನೀವು ನನ್ನ ಮಿಸ್ ಮಾರ್ಪಲ್ ಆಗಬೇಕು ಅಂತ ಚೀಟಿ ಬರೆದು ಕಳಿಸಿದ್ದರಂತೆ. ಆ ದಿನ ಬರುವಷ್ಟರಲ್ಲಿ 1984 ಆಗಿತ್ತು. ಹಿಕ್ಸನ್‌ಗೆ ಎಪ್ಪತ್ತೆಂಟು, ಕ್ರಿಸ್ಟಿ ತೀರಿಕೊಂಡು ಎಂಟು ವರ್ಷ. ಅಲ್ಲಿಂದ 1992ರವರೆಗೆ ಹನ್ನೆರಡು ಮಾರ್ಪಲ್ ಕಾದಂಬರಿಗಳನ್ನೂ ಆಕೆ ಮಾಡಿ ಮುಗಿಸಿದರು.

ಹೊಡೆದಾಟವಿಲ್ಲ, ರಕ್ತ ಕಾಣುವುದೇ ಅಪರೂಪ. ಹೆಣ ಬಿದ್ದ ಮನೆಯಲ್ಲೇ ಹೊತ್ತಿಗೆ ಸರಿಯಾಗಿ ಟೀ ಬರುತ್ತದೆ. ಅಮ್ಮನಿಗೆ ಒಗ್ಗದ್ದು ಅದೊಂದೇ. 'ಸತ್ತೋರ ಮನೇಲಿ ಒಬ್ರಾದ್ರೂ ಅಳೋದು ಬೇಡ್ವೇನೋ?' ಅಂತ ಪ್ರತಿ ಸಲ ಕೇಳೋಳು. ನಾನೂ ಅಷ್ಟು ವರ್ಷದಿಂದ ನೋಡಿದ್ದೇನೆ, ಅದು ಹೊಳೆದಿರಲಿಲ್ಲ. ಈ ಕಥೆಗಳಲ್ಲಿ ಸಾವು ಅನ್ನುವುದು ಪದಬಂಧದ ಮೊದಲ ಸುಳಿವು ಅಷ್ಟೇ. ಅದಕ್ಕೇ ಊಟ ಮಾಡಿ ಸೋಫಾದ ಮೇಲೆ ಒರಗಿ ನೋಡಬಹುದು.

ಮಿಸ್ ಮಾರ್ಪಲ್ ಪತ್ತೆ ಮಾಡುವ ಕ್ರಮವೂ ವಿಚಿತ್ರ. ಅವಳು ಸೇಂಟ್ ಮೇರಿ ಮೀಡ್ ಅನ್ನುವ ಹಳ್ಳಿಯಲ್ಲಿ ಕೂತು ಸ್ವೆಟರ್ ಹೆಣೆಯುವ ಮುದುಕಿ. ಯಾರನ್ನೇ ನೋಡಲಿ, ಈತ ನಮ್ಮೂರಿನ ಇಂಥವನ ಹಾಗೆ, ಅವನೂ ಹೀಗೇ ಮಾಡಿದ್ದ ಅನ್ನುತ್ತಾಳೆ. ಇನ್‌ಸ್ಪೆಕ್ಟರ್ ಸ್ಲ್ಯಾಕ್ ಸಿಡುಕುತ್ತಾನೆ. ಕೊನೆಗೆ ಅವಳು ಹೇಳಿದ್ದೇ ನಿಜವಾಗುತ್ತದೆ. ಹಯಸಿಂತ್‌ಳನ್ನು ನೋಡಿ ಇಂಜಿನಿಯರ್ ಹೆಂಡತಿಯನ್ನು ನೆನೆದ ಅಮ್ಮನಿಗೂ ಮಾರ್ಪಲ್‌ಗೂ ಏನು ವ್ಯತ್ಯಾಸ? ನಗಿಸುವುದಕ್ಕೂ ಕಳ್ಳನನ್ನು ಹಿಡಿಯುವುದಕ್ಕೂ ಬೇಕಾದ ಕಣ್ಣು ಒಂದೇ ಇರಬೇಕು. ಹಯಸಿಂತ್ ಮುಗಿದ ಮೇಲೆ ಅದೇ ರೌಟ್ಲೆಜ್ 1996ರಲ್ಲಿ ಹೆಟಿ ವೇನ್‌ಥ್ರಾಪ್ ಅನ್ನುವ ಗೃಹಿಣಿಯಾಗಿ, ಅರವತ್ತರ ವಯಸ್ಸಲ್ಲಿ ಪತ್ತೇದಾರಿಕೆಗೆ ಇಳಿದಾಗ ಅಮ್ಮನಿಗೆ ಒಂಚೂರೂ ಆಶ್ಚರ್ಯವಾಗಲಿಲ್ಲ.

ಜನವರಿಯಲ್ಲಿ ನನ್ನ ಕೆಲಸ ಹೋಯಿತು. ಕಂಪನಿ ನಮ್ಮ ತಂಡವನ್ನೇ ಮುಚ್ಚಿತು. ಅರವತ್ತು ದಿನದೊಳಗೆ ಇನ್ನೊಂದು ಕಡೆ ಸಿಗದಿದ್ದರೆ ನಾನೂ ಗಂಟುಮೂಟೆ ಕಟ್ಟಬೇಕಿತ್ತು. ಅಮ್ಮನಿಗೆ ಹೇಳಲಿಲ್ಲ. ಬಿಪಿ ಮಾತ್ರೆ ನುಂಗುವ ಜೀವ, ಪರದೇಶದಲ್ಲಿ ಯಾಕೆ ಗಾಬರಿ ಮಾಡಿಸೋದು ಅಂತ ನೆಪ. ನಿಜ ಹೇಳಬೇಕಂದರೆ ನಾಚಿಕೆ. ತಿಪಟೂರಿನಲ್ಲಿ ಯಾರು ಸಿಕ್ಕರೂ ಮಗ ಲಂಡನ್‌ನಲ್ಲಿದಾನೆ ಅನ್ನುತ್ತಿದ್ದಳು. ಕಾವೆಂಟ್ರಿ ಅಂದರೆ ಯಾರಿಗೂ ಗೊತ್ತಾಗಲ್ಲ ಅಂತ. ಬಕೆಟ್ಟನ್ನು ಬೊಕೆ ಮಾಡುವ ಚಟ ನನಗೂ ಇತ್ತು. ಹಾಗಾಗಿ ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಹಿಡಿದು ಎಂಟಕ್ಕೇ ಹೊರಡುತ್ತಿದ್ದೆ. ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕೋದು, ಆರಕ್ಕೆ ಸುಸ್ತಾದವನ ಥರ ಮನೆಗೆ ಬರೋದು.

ಒಂದು ಶನಿವಾರ 'ದಿ ಬಾಡಿ ಇನ್ ದಿ ಲೈಬ್ರರಿ' ಬಂತು. ಹೆಸರು ನೋಡಿಯೇ ನನಗೆ ಒಂಥರಾ ಆಯಿತು. ಕರ್ನಲ್ ಬ್ಯಾಂಟ್ರಿಯ ಮನೆಯ ಪುಸ್ತಕದ ಕೋಣೆಯಲ್ಲಿ ಯಾರೋ ಹುಡುಗಿಯ ಹೆಣ. ಮಾರ್ಪಲ್ ಕಣ್ಣು ಹೋಗುವುದು ಆ ಹುಡುಗಿಯ ಉಗುರುಗಳ ಮೇಲೆ. ಕಚ್ಚಿ ಕಚ್ಚಿ ಮೋಟಾದ ಉಗುರು. ಇಡೀ ಕಥೆಯ ಗಂಟು ಬಿಚ್ಚುವುದು ಅಲ್ಲಿಂದ.

ನಡುವೆ ಜಾಹೀರಾತು ಬಂತು. ಅಮ್ಮ ಟೀವಿ ಕಡೆಗೇ ನೋಡುತ್ತಾ ಶುರುಮಾಡಿದಳು. 'ನಮ್ಮೂರ ಹಳೇ ಪೋಸ್ಟ್‌ಮಾಸ್ಟರಿಗೆ ಒಬ್ಬ ಮಗ ಇದ್ದ. ಮಿಲ್ಲಲ್ಲಿ ಗುಮಾಸ್ತ. ಕೆಲಸದಿಂದ ತೆಗೆದಿದ್ರು, ಮನೇಲಿ ಹೇಳಿರಲಿಲ್ಲ. ದಿನಾ ಊಟದ ಡಬ್ಬಿ ತಗೊಂಡು ಹೋಗಿ ಕೆರೆ ಏರಿ ಮೇಲೆ ಕೂತ್ಕೊಂಡು ಸಾಯಂಕಾಲ ಬರೋನು. ಅವನ ತಾಯಿಗೆ ಮೊದಲನೇ ವಾರದಲ್ಲೇ ಗೊತ್ತಾಗಿತ್ತಂತೆ.'

ನಾನು ಮಾತಾಡಲಿಲ್ಲ.

'ನೀನು ಮೊದಲೆಲ್ಲ ಡಬ್ಬಿ ತೊಳ್ಕೊಂಡು ತರ್ತಿದ್ದೆ. ಆಫೀಸಲ್ಲಿ ಸಿಂಕ್ ಐತೆ ಅಂತಿದ್ದೆ. ಈಗ ಒಂದು ತಿಂಗಳಿಂದ ಎಂಜಲು ಡಬ್ಬಿ ಹಂಗೇ ಬರ್ತಾ ಐತೆ.'

'ಅಮ್ಮಾ...'

'ಚಳೀಲಿ ಎಲ್ಲಿ ಕೂತ್ಕೋತೀಯೋ?'

'ಲೈಬ್ರರೀಲಿ.'

'ಹೀಟರ್ ಇರುತ್ತಾ?'

'ಇರುತ್ತೆ.'

'ಸದ್ಯ,' ಅಂದಳು. ಜಾಹೀರಾತು ಮುಗಿದಿತ್ತು. 'ತಾಳು, ಯಾರು ಅಂತ ನೋಡೋಣ.'

ಸೋಮವಾರದಿಂದ ಡಬ್ಬಿ ಕಟ್ಟಲಿಲ್ಲ. ಅರ್ಜಿಗಳನ್ನು ಊಟದ ಮೇಜಿನ ಮೇಲೇ ಹಾಕಿದೆ, ಮೂರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ ಅಮ್ಮನ ಪಕ್ಕ ಕೂತೆ. ಒಂದು ದಿನ ಹಯಸಿಂತ್ ಗಂಡ ರಿಚರ್ಡ್‌ಗೆ ಕೌನ್ಸಿಲ್ ಕೆಲಸದಿಂದ ಅವಧಿಗೆ ಮುಂಚೆ ನಿವೃತ್ತಿ ಸಿಗುವ ಕಂತು. ಕೆಲಸ ಹೋದದ್ದಕ್ಕಿಂತ ಇನ್ನು ಹಗಲೆಲ್ಲ ಹೆಂಡತಿ ಜೊತೆ ಮನೆಯಲ್ಲಿರಬೇಕಲ್ಲ ಅಂತ ಅವನ ಮುಖ ಇಂಗು ತಿಂದ ಹಾಗಾಗಿತ್ತು. ಅಮ್ಮ ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ. ಹಾಗೆ ನಕ್ಕು ಒಂದು ತಿಂಗಳಾಗಿತ್ತು.

ಐವತ್ತೊಂದನೇ ದಿನ ಬರ್ಮಿಂಗ್‌ಹ್ಯಾಮ್‌ನಿಂದ ಕೆಲಸದ ಪತ್ರ ಬಂತು, ಸಂಬಳ ಕಡಿಮೆ. ಆ ಹೊತ್ತಿಗೆ ಹಯಸಿಂತ್ ಕೊನೆಯ ಕಂತುಗಳು ನಡೆಯುತ್ತಿದ್ದವು. ಅವಳಿಗೊಬ್ಬ ಮಗ, ಶೆರಿಡನ್. ಹಾಸ್ಟೆಲಿನಲ್ಲಿದ್ದುಕೊಂಡು ಫೋನ್ ಮಾಡುತ್ತಾನೆ, ದುಡ್ಡು ಕೇಳುತ್ತಾನೆ. ಇವಳು ಈ ಕಡೆಯಿಂದ ಹಿಗ್ಗುತ್ತಾಳೆ.

'ಈ ಹುಡುಗ ಒಂದ್ ಸಲನಾದ್ರೂ ಮನೆಗೆ ಬರ್ತಾನೇನೋ?' ಅಂದಳು ಅಮ್ಮ.

'ಇಲ್ಲಮ್ಮ. ನಲವತ್ತನಾಲ್ಕು ಕಂತಲ್ಲೂ ಮುಖ ತೋರಿಸಲ್ಲ. ಬರೀ ಫೋನು.'

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಡಬ್ಬಿ ನೋಡೋಕೂ ಸಿಗಲ್ಲ ಪಾಪ ಅವಳಿಗೆ,' ಅಂದಳು.