ನಾಲ್ಕು ವ್ಯಾಟಿನ ವೈಭವ

ಕಬ್ಬಿನ ಕಟಾವು ಶುರುವಾಯಿತೆಂದರೆ ನಮ್ಮ ಬಾಡಗಂಡಿಯಲ್ಲಿ ಸಂಗೀತಕ್ಕೆ ಬರವಿಲ್ಲ. ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆಗೆ ಹೊರಟಾಗ ಕಬ್ಬಿನ ಭಾರಕ್ಕಿಂತ ಹಾಡಿನ ಭಾರವೇ ಹೆಚ್ಚೇನೋ ಎನಿಸುತ್ತದೆ. ಗಾಡಿ ಊರ ಹೊರಗಿರುವಾಗಲೇ ನಮ್ಮ ಮನೆಯ ಕಿಟಕಿಯ ಗಾಜು ತಾಳ ಹಿಡಿಯುತ್ತದೆ. ಇಂಥ ಊರಿನಲ್ಲಿದ್ದುಕೊಂಡು, ಅರವತ್ತೆಂಟನೆಯ ವಯಸ್ಸಿನಲ್ಲಿ, ಬರಿಯ 4 ವ್ಯಾಟಿನ ಆಂಪ್ಲಿಫೈಯರನ್ನು ಕೊಂಡು ತಂದವನಿಗೆ ಏನೆನ್ನಬೇಕು? ನನ್ನ ಮನೆಯಾಕೆ ಅಂದದ್ದನ್ನೇ ಹೇಳಿಬಿಡುತ್ತೇನೆ:

“ಏನ್ರೀ ಇದು? ರೊಕ್ಕಾ ಹಳೇದರ ನಾಕು ಪಟ್ಟು, ಶಕ್ತಿ ಹದಿನೈದರಾಗ ಒಂದ ಪಾಲು! ಸಾಲ್ಯಾಗ ಹುಡುಗರಿಗೆ ಇಂಥಾ ಲೆಕ್ಕಾನ ಕಲಿಸಿದ್ರೇನು?”

ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ.

ಹಳೆಯದು 1991ರಲ್ಲಿ ಹುಬ್ಬಳ್ಳಿಯಿಂದ ತಂದ ಟ್ರಾನ್ಸಿಸ್ಟರಿನ ಯಂತ್ರ. ಒಂದೊಂದು ಸ್ಪೀಕರಿಗೆ 60 ವ್ಯಾಟು. ಇಷ್ಟು ವರ್ಷ ದುಡಿದರೂ ಒಮ್ಮೆಯೂ ಮುನಿಸಿಕೊಂಡದ್ದಿಲ್ಲ. ಹೊಸದು ಹೊಸದಾಗಿ ಬಂತೆಂಬ ಮಾತಿಗಷ್ಟೇ ಹೊಸದು. ಅದರಲ್ಲಿ ಉರಿಯುವ ಇಎಲ್ 84 ಎಂಬ ವಾಲ್ವು 1950ರ ದಶಕದ್ದು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಒಂದು ಲೋಹದ ಕೊಳವೆ ಕೆಂಪಗೆ ಕಾಯುತ್ತದೆ. ಕಾದಾಗ ಅದರಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ದಾರಿಯಲ್ಲಿರುವ ತಂತಿಯ ಜಾಲರಿಯ ಮೇಲೆ ಹಾಡಿನ ಸಂಕೇತ ಏರಿಳಿದಂತೆ ಆ ಪ್ರವಾಹವೂ ಏರಿಳಿಯುತ್ತದೆ. ಕಾಲುವೆಯ ತೂಬನ್ನು ಕಂಡ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ತೂಬಿನ ಹೊಟ್ಟೆ ದೊಡ್ಡದು. ಇಡಿಯ ಯಂತ್ರ ಗೋಡೆಯಿಂದ 50-60 ವ್ಯಾಟು ನುಂಗಿ, ಒಂದೊಂದು ಸ್ಪೀಕರಿಗೆ ನಾಲ್ಕನ್ನು ಕೊಡುತ್ತದೆ, ಉಳಿದದ್ದೆಲ್ಲ ಕಾವು. ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ರೇಡಿಯೋ ವಾಲ್ವುಗಳು ತಯಾರಾಗುತ್ತಿದ್ದವು. ಈಗ ರಶಿಯಾ, ಸ್ಲೊವಾಕಿಯಾ, ಚೀನಾಗಳತ್ತ ನೋಡಬೇಕು.

ಹಾಗಿದ್ದರೆ ಏಕೆ ಕೊಂಡೆ? ನಿಜ ಹೇಳಬೇಕೆಂದರೆ, ಅಪ್ಪನ ರೇಡಿಯೋ ಸಲುವಾಗಿ. ಹಳೆಯ ಬಾಗಲಕೋಟೆಯ ಮನೆಯಲ್ಲಿ ಒಂದು ವಾಲ್ವ್ ರೇಡಿಯೋ ಇತ್ತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ಅದರಲ್ಲೇ ಕೇಳಿ ಬೆಳೆದವರು ನಾವು. ಗಂಗೂಬಾಯಿ ಹಾನಗಲ್ಲರ ಆ ಗಂಭೀರ ಕಂಠ ಗಂಡಸಿನದೋ ಹೆಂಗಸಿನದೋ ಎಂದು ಅಣ್ಣತಮ್ಮಂದಿರು ಜಗಳಾಡಿದ್ದೂ ಅದರ ಮುಂದೆಯೇ. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಮನೆ ಬಿಡುವಾಗ, ಕೆಟ್ಟು ಕೂತಿದ್ದ ಅದನ್ನು ನಾನೇ ಗುಜರಿಯವನಿಗೆ ಎತ್ತಿ ಕೊಟ್ಟೆ. ಅಪ್ಪ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹೊಸ ಯಂತ್ರಕ್ಕೆ ಮೊದಲ ದಿನ ಹಳೆಯ ಸ್ಪೀಕರುಗಳನ್ನೇ ಜೋಡಿಸಿ ಗಂಗೂಬಾಯಿಯವರ ಹಾಡು ಹಚ್ಚಿದೆ. ಅವ್ವನಿಗೆ ಎಂಬತ್ತೆಂಟು, ಕಿವಿ ಮಂದ. ಅವಳಿಗೆ ಕೇಳಿಸಲೆಂದು ಗುಂಡಿಯನ್ನು ತಿರುವುತ್ತ ಹೋದಂತೆ ತಬಲಾದ ಪೆಟ್ಟುಗಳೆಲ್ಲ ಹಸಿ ಗೋಡೆಗೆ ಮೆತ್ತಿದ ಮಣ್ಣಿನಂತಾದವು.

“ಯಾಕಪಾ, ಬಾಯಿಗೆ ಬಟ್ಟಿ ಕಟ್ಯಾರೇನು ಆಕಿಗೆ?” ಎಂದಳು.

ತಪ್ಪು ವಾಲ್ವಿನದಲ್ಲ, ನನ್ನದು. ಒಂದು ವ್ಯಾಟು ಕೊಟ್ಟರೆ ನನ್ನ ಹಳೆಯ ಸ್ಪೀಕರು ಒಂದು ಮೀಟರು ದೂರದಲ್ಲಿ 86 ಡೆಸಿಬಲ್ ಸದ್ದು ಮಾಡುತ್ತದೆ. ಹಳೆಯ ಕಾಲದ ಮಾದರಿಯ, ಅಗಲವಾದ ಕಾಗದದ ಶಂಕುವಿನ ಸ್ಪೀಕರು ಅದೇ ಒಂದು ವ್ಯಾಟಿಗೆ 96 ಕೊಡುತ್ತದೆ. 10 ಡೆಸಿಬಲ್ಲೆಂದರೆ ಹತ್ತು ಪಟ್ಟು ಶಕ್ತಿ. ಅಂಥ ಸ್ಪೀಕರು ತಂದರೆ ನನ್ನ ನಾಲ್ಕು ವ್ಯಾಟು ನಲವತ್ತರ ಕೆಲಸ ಮಾಡೀತು! ಮನೆಯಾಕೆಗೆ ಕೊಡಬೇಕಾಗಿದ್ದ ಉತ್ತರ ಸಿಕ್ಕಿತು. ಆದರೆ ಆ ಉತ್ತರಕ್ಕೂ ಮತ್ತೆ ರೊಕ್ಕ ತೆರಬೇಕಾದದ್ದರಿಂದ ಹೇಳುವ ಧೈರ್ಯವಾಗಲಿಲ್ಲ. ಸ್ಪೀಕರುಗಳು ಬಂದವು. ಆ ಸಂಜೆಯ ಸಂಭಾಷಣೆಯನ್ನು ವಾಚಕರು ಊಹಿಸಿಕೊಳ್ಳಲಿ.

ಈಗ ಹಾಡು ಅರಳಿತು. ತಂಬೂರಿಯ ಝೇಂಕಾರ ಕೋಣೆ ತುಂಬಿತು. ಹಳೆಯದಕ್ಕಿಂತ ಇದು ಎಷ್ಟು ಮೃದು, ಎಷ್ಟು ಮನುಷ್ಯರದು ಎಂದು ಬಂದವರಿಗೆಲ್ಲ ಹೇಳತೊಡಗಿದೆ. ಹಳೆಯದನ್ನು ಓಣಿಯ ಗಣಪತಿ ಮಂಡಳಿಯ ಹುಡುಗರಿಗೆ ಕೊಡುವುದೆಂದೂ ಮಾತಾಯಿತು.

ಅಷ್ಟರಲ್ಲಿ ಎಂಜಿನಿಯರಿಂಗ್ ಓದುವ ಮೊಮ್ಮಗ ರಜೆಗೆ ಬಂದ. “ಅಜ್ಜಾ, ನೀವು ಹೊಸಾದನ್ನ ಸ್ವಲ್ಪ ಜೋರಾಗಿ ಹಚ್ಚತೀರಿ. ಜೋರಿದ್ದದ್ದು ಚಂದ ಕೇಳಸತೈತಿ,” ಎಂದ. ಸ್ಪೀಕರಿನ ತಂತಿಗೆ ಮೀಟರು ಹಿಡಿದು ಎರಡೂ ಯಂತ್ರಗಳ ಮಟ್ಟವನ್ನು ಸಮಮಾಡಿದ. ಎರಡಕ್ಕೂ ಅವೇ ಹೊಸ ಸ್ಪೀಕರುಗಳು. ಯಂತ್ರಗಳ ಮುಂದೆ ಚಾದರ ಕಟ್ಟಿ, ಹಿಂದೆ ಕೂತು, ತಂತಿ ಬದಲಿಸುತ್ತ ಹತ್ತು ಸಲ ಕೇಳಿಸಿದ. ಯಾವುದು ವಾಲ್ವು, ಯಾವುದು ಟ್ರಾನ್ಸಿಸ್ಟರು, ನಾನು ಹೇಳಬೇಕು.

ಆರು ಸಲ ಸರಿಯಾಯಿತು. ರೂಪಾಯಿ ಚಿಮ್ಮಿ ಹೇಳಿದ್ದರೂ ಐದಾಗುತ್ತಿತ್ತು. ಆ ಆರರಲ್ಲಿ ಎರಡನ್ನು ಹಾಡು ಶುರುವಾಗುವ ಮೊದಲೇ, ವಾಲ್ವಿನ ಯಂತ್ರ ಸಣ್ಣಗೆ ಗುಂಯ್‌ಗುಡುವುದರಿಂದ ಕಂಡುಹಿಡಿದಿದ್ದೆ. ಅದನ್ನು ಮೊಮ್ಮಗನಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಮೃದು, ಮನುಷ್ಯರದು ಎಂದು ಊರಿಗೆಲ್ಲ ಸಾರಿದ್ದು ನನ್ನ ಕಿವಿಯೋ, ಗುಜರಿಗೆ ಹಾಕಿದ ರೇಡಿಯೋವೋ? ಮುಖ ಎತ್ತಲಾಗದೆ ಕೂತಿದ್ದೆ.

ಮೂಲೆಯಿಂದ ಅವ್ವ ಗದರಿದಳು: “ಹೊತ್ತಿಗೊಮ್ಮೆ ಯಾಕ ನಿಲ್ಲಸ್ತೀರೋ? ಆಕಿನ್ನ ಪೂರ್ತಿ ಹಾಡಗೊಡ್ರಿ.”

ಮೊಮ್ಮಗ ಚಾದರ ಬಿಚ್ಚಿ, ಕೈಗೆ ಬಂದ ಯಂತ್ರಕ್ಕೆ ತಂತಿ ಸಿಕ್ಕಿಸಿ, ತನ್ನ ಮೊಬೈಲಿನಿಂದ ಹಾಡನ್ನು ಮೊದಲಿನಿಂದ ಹಚ್ಚಿದ. ಅದು ವಾಲ್ವಿನದಾಗಿತ್ತು. ಹಾಡು ಏರುತ್ತಿದ್ದಾಗ, ನಮ್ಮೂರಲ್ಲಿ ಆಗುವಂತೆ, ಕರೆಂಟು ಹೋಯಿತು. ಹಳೆಯ ಯಂತ್ರವಾಗಿದ್ದರೆ ಒಳಗೆ ‘ಟಪ್’ ಎಂದು ಸದ್ದಾಗಿ ಸ್ವರ ಅಲ್ಲೇ ಕತ್ತರಿಸುತ್ತಿತ್ತು. ಇದರಲ್ಲಿ ಹಾಗಾಗಲಿಲ್ಲ. ವಾಲ್ವಿನ ಕಾವು ಆರುವ ಮೊದಲು, ಒಳಗೆ ಕೂಡಿಟ್ಟ ವಿದ್ಯುತ್ತು ತೀರುವವರೆಗೆ, ದನಿ ಸಣ್ಣದಾಗುತ್ತ ಎರಡು ಮೂರು ಕ್ಷಣ ನಡೆದುಹೋಯಿತು. ಕತ್ತಲೆಯಲ್ಲಿ ಕೆಂಪು ಎಳೆಗಳಷ್ಟೇ ಕಾಣುತ್ತಿದ್ದವು.

“ನಿಮ್ಮಪ್ಪನ ರೇಡಿಯೋನೂ ಹಿಂಗ ಆರತಿತ್ತು ನೋಡು,” ಎಂದಳು ಅವ್ವ.

ಗಣಪತಿ ಮಂಡಳಿಯ ಹುಡುಗರು ಮರುದಿನ ಬಂದರು. ಹಳೆಯ ಯಂತ್ರವನ್ನು ಒರೆಸಿ, ಗುಂಡಿಗಳನ್ನೆಲ್ಲ ತೋರಿಸಿ, ಸ್ಪೀಕರುಗಳೊಡನೆ ಕೊಟ್ಟೆ. ರೊಕ್ಕ ಕೇಳಲಿಲ್ಲ. ಇದನ್ನು ಮಾತ್ರ ಮನೆಯಾಕೆಗೆ ಇನ್ನೂ ಹೇಳಿಲ್ಲ.