ಸ್ಕೂಟರಿಗೆ ಸಲೀಸು, ರೇಸ್ ಕಾರಿಗೆ ತ್ರಾಸು

ಫ್ರಾನ್ಸಿನ ನೀಸ್ ನಗರದಿಂದ ಕರಾವಳಿಯ ಗುಂಟ ಪೂರ್ವಕ್ಕೆ ಹೊರಟ ರೈಲು ಅರ್ಧ ಗಂಟೆಯೊಳಗೆ ನಿಮ್ಮನ್ನು ಮೊನಾಕೊ ಮುಟ್ಟಿಸುತ್ತದೆ. ನಿಲ್ದಾಣ ಇರುವುದು ಬೆಟ್ಟದ ಹೊಟ್ಟೆಯೊಳಗೆ. 1999ರಲ್ಲಿ ಅದನ್ನು ನೆಲದಡಿಗೆ ಇಳಿಸಿದರು, ಮೇಲಿನ ಜಾಗ ಅಷ್ಟು ದುಬಾರಿ! ಇಡೀ ದೇಶದ ವಿಸ್ತೀರ್ಣವೇ ಸುಮಾರು ಎರಡು ಚದರ ಕಿಲೋಮೀಟರ್. ವ್ಯಾಟಿಕನ್ ಬಿಟ್ಟರೆ ಇದಕ್ಕಿಂತ ಚಿಕ್ಕ ದೇಶ ಜಗತ್ತಿನಲ್ಲಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಡಿದಾದ ಬೆಟ್ಟ, ನಡುವೆ ಒಂದರ ಹೆಗಲ ಮೇಲೊಂದು ಹತ್ತಿ ಕುಳಿತಂತಹ ಕಟ್ಟಡಗಳು. ಇಂಥ ಊರಿನ ಬೀದಿಗಳಲ್ಲಿ 1929ರಿಂದ ಬಹುತೇಕ ಪ್ರತಿ ವರ್ಷ ಕಾರುಗಳ ಓಟ ನಡೆಯುತ್ತ ಬಂದಿದೆ. ಇಂದು ಅದು ಫಾರ್ಮುಲಾ ಒನ್ ಪಂದ್ಯಗಳಲ್ಲೇ ಅತ್ಯಂತ ಹೆಸರುವಾಸಿಯಾದದ್ದು.

ಓಟದ ಹಾದಿಯನ್ನು ನೋಡಲು ಟಿಕೆಟ್ ಬೇಕಿಲ್ಲ. 3.337 ಕಿಲೋಮೀಟರ್ ದೂರ, ನಿಧಾನವಾಗಿ ನಡೆದರೂ ಒಂದು ಗಂಟೆ ಸಾಕು. ಇದು ಬೇಲಿ ಹಾಕಿದ ಮೈದಾನವಲ್ಲ. ಜನ ತರಕಾರಿ ಚೀಲ ಹಿಡಿದು ಓಡಾಡುವ, ಮಕ್ಕಳು ಶಾಲೆಗೆ ಹೋಗುವ ಬೀದಿ. ರಸ್ತೆ ದಾಟುವ ಬಿಳಿ ಪಟ್ಟೆಗಳಿವೆ, ಚರಂಡಿಯ ಕಬ್ಬಿಣದ ಮುಚ್ಚಳಗಳಿವೆ. ಓಟಕ್ಕೆ ಮುಂಚೆ ಈ ಮುಚ್ಚಳಗಳನ್ನು ಬೆಸುಗೆ ಹಾಕಿ ಭದ್ರ ಮಾಡುತ್ತಾರೆ. ಇಲ್ಲವಾದರೆ ಕಾರಿನ ಅಡಿಯ ಗಾಳಿಯ ಸೆಳೆತಕ್ಕೆ ಅವು ಕಿತ್ತು ಮೇಲೇಳುತ್ತವೆ.

ಸೇಂಟ್ ಡಿವೋಟ್ ಎಂಬ ಪುಟ್ಟ ಚರ್ಚಿನ ಬಳಿ ಬಲಕ್ಕೆ ಹೊರಳಿ ಏರು ಹತ್ತಿದರೆ ಪ್ರಸಿದ್ಧ ಕ್ಯಾಸಿನೊ ಎದುರಾಗುತ್ತದೆ. ಅಲ್ಲಿಂದ ರಸ್ತೆ ಸಮುದ್ರದ ಕಡೆಗೆ ಇಳಿಯುತ್ತದೆ. ಇಳಿಯುತ್ತ ಇಳಿಯುತ್ತಲೇ, ದೊಡ್ಡ ಹೋಟೆಲೊಂದರ ಮಗ್ಗುಲಲ್ಲಿ, ಬಂದ ದಿಕ್ಕಿಗೇ ಮುಖ ಮಾಡಿ ಎಡಕ್ಕೆ ತಿರುಗಿಬಿಡುತ್ತದೆ. ಇದೇ ಆ ಹೇರ್‌ಪಿನ್. ಹಿಂದೆ ಇಲ್ಲಿ ರೈಲು ನಿಲ್ದಾಣವಿತ್ತು, ಹಾಗಾಗಿ ‘ಸ್ಟೇಷನ್ ತಿರುವು’ ಎನ್ನುತ್ತಿದ್ದರು. ನಿಲ್ದಾಣ ಹೋಗಿ 1975ರಲ್ಲಿ ಹೋಟೆಲ್ ಬಂತು, ‘ಲೋಸ್ ತಿರುವು’ ಆಯಿತು. ಹೋಟೆಲಿನ ಬೋರ್ಡು ಬದಲಾದಂತೆಲ್ಲ ತಿರುವಿನ ಹೆಸರೂ ಬದಲಾಗಿ ಈಗ ‘ಫೇರ್‌ಮಾಂಟ್ ತಿರುವು’ ಆಗಿದೆ. ಹಳಬರ ಬಾಯಲ್ಲಿ ಮಾತ್ರ ಇನ್ನೂ ಲೋಸ್.

ಸಾಮಾನ್ಯ ದಿನದಲ್ಲಿ ಕೆಂಪು-ಬಿಳಿ ಬಣ್ಣ ಬಳಿದ ಅಂಚುಗಲ್ಲಿನ ಪಕ್ಕ ಹತ್ತು ನಿಮಿಷ ನಿಂತರೆ ತಮಾಷೆಯೊಂದು ಕಣ್ಣಿಗೆ ಬೀಳುತ್ತದೆ. ಸ್ಕೂಟರಿನವರು ಮೈ ಬಾಗಿಸಿ ಸರ್ರನೆ ತಿರುಗಿ ಹೋಗುತ್ತಾರೆ. ಟ್ಯಾಕ್ಸಿ, ಸಾಮಾನಿನ ವ್ಯಾನು ಯಾವುದಕ್ಕೂ ಅಡ್ಡಿಯಿಲ್ಲ. ಕೋಟಿಗಟ್ಟಲೆ ಬೆಲೆಯ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತಿರುವ ಸ್ಪೋರ್ಟ್ಸ್ ಕಾರು ಬಂದಾಗ ಮಾತ್ರ ಅದರ ಯಜಮಾನ ಮೊದಲೇ ಬಲಕ್ಕೆ ಸರಿದು, ಸ್ಟಿಯರಿಂಗ್ ಕೊನೆಯವರೆಗೂ ಸುತ್ತಿ, ಉಸಿರು ಬಿಗಿಹಿಡಿದು ಹೋಗಬೇಕು. ಓಟದ ದಿನ ಬರುವ ಕಾರಿನ ಪಾಡಂತೂ ಇನ್ನೂ ಕಷ್ಟ. ಬೇರೆಡೆ 300 ಕಿಲೋಮೀಟರ್ ವೇಗ ದಾಟುವ ಫಾರ್ಮುಲಾ ಒನ್ ಕಾರು ಇಲ್ಲಿ ಗಂಟೆಗೆ 50 ಕಿಲೋಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಆ ಪಂದ್ಯಗಳಲ್ಲೇ ಅತ್ಯಂತ ನಿಧಾನದ ತಿರುವು ಇದು.

ಹೀಗೇಕೆ ಎಂದು ಮಕ್ಕಳು ಕೇಳಿದರೆ ಪ್ರೌಢಶಾಲೆಯ ತ್ರಿಕೋನಮಿತಿಯೇ ಉತ್ತರ ಕೊಡುತ್ತದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ದೂರ ಒಂದು ಅಳತೆ, ಮುಂದಿನ ಚಕ್ರ ಎಷ್ಟು ಡಿಗ್ರಿ ಹೊರಳಬಲ್ಲದು ಎಂಬುದು ಇನ್ನೊಂದು. ಮೊದಲನೆಯದನ್ನು ಎರಡನೆಯದರ ‘ಸೈನ್’ನಿಂದ ಭಾಗಿಸಿದರೆ ಕಾರು ಸುತ್ತುವ ವೃತ್ತದ ತ್ರಿಜ್ಯ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ನಮ್ಮ ಹಳೆಯ ಮಾರುತಿ 800 ಕಾರನ್ನೇ ತೆಗೆದುಕೊಳ್ಳಿ. ಅದರ ಚಕ್ರಗಳ ನಡುವಿನ ದೂರ 2.175 ಮೀಟರ್. ಚಕ್ರ 30 ಡಿಗ್ರಿ ಹೊರಳಿತೆನ್ನಿ. 30ರ ಸೈನ್ ಅರ್ಧ, ಆದ್ದರಿಂದ ತ್ರಿಜ್ಯ 4.35 ಮೀಟರ್. ಕಂಪನಿ ಹೇಳುತ್ತಿದ್ದದ್ದು 4.4! ಅಷ್ಟು ಪುಟ್ಟ ಕಾರು ನಮ್ಮ ಓಣಿಗಳಲ್ಲಿ ಅಷ್ಟು ಕಾಲ ಆಳಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಈಗ ಫಾರ್ಮುಲಾ ಒನ್ ಕಾರಿಗೆ ಬನ್ನಿ. 2022ರ ನಿಯಮದಂತೆ ಚಕ್ರಗಳ ನಡುವಿನ ದೂರ 3.6 ಮೀಟರಿನವರೆಗೂ ಇರಬಹುದಿತ್ತು. ಚಕ್ರ ಕೇವಲ 15 ಡಿಗ್ರಿ ಹೊರಳುವುದಾದರೆ ತ್ರಿಜ್ಯ ಸುಮಾರು 14 ಮೀಟರಾಗುತ್ತದೆ, ಎಂದರೆ ಒಂದು ಸುತ್ತಿಗೆ 28 ಮೀಟರ್ ಅಗಲದ ಬಯಲು ಬೇಕು. ಮೊನಾಕೊದಲ್ಲಿ ಬಯಲೆಲ್ಲಿಂದ ಬರಬೇಕು?

ಚಕ್ರವನ್ನು ಇನ್ನಷ್ಟು ಹೊರಳಿಸಿದರಾಯಿತಲ್ಲ ಎನ್ನಬಹುದು. ಅಲ್ಲಿರುವುದೇ ತೊಡಕು. ಓಟದ ಕಾರಿನ ಟೈರು ಬಲು ದಪ್ಪ. ಅದರ ಒಳಬದಿಗೇ, ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕವಲು ತೋಳುಗಳಿವೆ. ಇವಕ್ಕೆ ವಿಶ್‌ಬೋನ್ ಎಂದು ಹೆಸರು. ಚಕ್ರ ಹೆಚ್ಚು ಹೊರಳಿದರೆ ಈ ತೋಳುಗಳಿಗೆ ತಾಗುತ್ತದೆ. ಬೇರೆ ಮೈದಾನಗಳ ತಿರುವುಗಳು ವಿಶಾಲವಾದವು, ಅಲ್ಲಿ ಚಕ್ರ ಸ್ವಲ್ಪವೇ ಹೊರಳಿದರೂ ಸಾಕು. ಹಾಗಾಗಿ ಎಂಜಿನಿಯರುಗಳು ತೋಳುಗಳನ್ನು ಗಾಳಿ ನಯವಾಗಿ ಹರಿಯುವಂತೆ ರೂಪಿಸುತ್ತಾರೆಯೇ ಹೊರತು ಗಿರಕಿ ಹೊಡೆಯಲೆಂದಲ್ಲ. ಬೀದಿಯ ಮೇಲಿನ ಸ್ಪೋರ್ಟ್ಸ್ ಕಾರಿನದೂ ಇದೇ ಕಥೆ. ದಪ್ಪ ಟೈರು, ತಗ್ಗಾದ ಮೂತಿ, ಬಿಗಿಯಾದ ಚೌಕಟ್ಟು, ಇವುಗಳ ನಡುವೆ ಚಕ್ರಕ್ಕೆ ಹೊರಳಲು ಉಳಿಯುವ ಜಾಗ ಕಡಿಮೆ. ಲ್ಯಾಂಬೊರ್ಗಿನಿ ಅವೆಂಟಡೋರ್ ಒಂದು ಸುತ್ತು ಹಾಕಲು 12.5 ಮೀಟರ್ ಅಗಲ ಬೇಡುತ್ತಿತ್ತು. ಲಂಡನ್ನಿನ ಕಪ್ಪು ಟ್ಯಾಕ್ಸಿ 25 ಅಡಿಯಲ್ಲಿ, ಎಂದರೆ ಸುಮಾರು 7.6 ಮೀಟರಿನಲ್ಲಿ, ತಿರುಗಿ ನಿಲ್ಲುತ್ತದೆ.

ಮೊನಾಕೊಗೆ ಬರುವ ತಂಡಗಳು ಇದಕ್ಕೆಂದೇ ಬೇರೆ ಸಿದ್ಧತೆ ಮಾಡಿಕೊಂಡು ಬರುತ್ತವೆ. ಸ್ಟಿಯರಿಂಗಿನ ಜೋಡಣೆ ಬದಲಾಗುತ್ತದೆ, ಚಕ್ರ ತಾಗದಂತೆ ತೋಳುಗಳನ್ನು ಮಾರ್ಪಡಿಸುತ್ತಾರೆ. ನಮ್ಮ ಲೆಕ್ಕದ ಕಾರಿನ ಚಕ್ರ 15ರ ಬದಲು 23 ಡಿಗ್ರಿ ಹೊರಳುವಂತಾದರೆ ತ್ರಿಜ್ಯ ಸುಮಾರು 9 ಮೀಟರಿಗೆ ಇಳಿಯುತ್ತದೆ. ಎಂಟೇ ಡಿಗ್ರಿಗೆ ಐದು ಮೀಟರ್ ಉಳಿತಾಯ. ಉಳಿದದ್ದು ಚಾಲಕನ ಕೈಯಲ್ಲಿ. ಬಲಗಡೆಯ ತಡೆಗೋಡೆಗೆ ಇನ್ನೇನು ಒರೆಸಿಕೊಳ್ಳಬೇಕು ಎಂಬಷ್ಟು ಹತ್ತಿರ ಹೋಗಿ, ಅಲ್ಲಿಂದ ತಡವಾಗಿ ಒಳಕ್ಕೆ ತಿರುಗುತ್ತಾನೆ. ಒಂದು ಕೈ ಇನ್ನೊಂದರ ಮೇಲೆ ಅಡ್ಡ ಬರುತ್ತದೆ. ಓಟ 78 ಸುತ್ತು; ಎಪ್ಪತ್ತೆಂಟು ಸಲವೂ ಇದೇ ವ್ಯಾಯಾಮ.

ಒಬ್ಬರು ಎಡವಿದರೆ ಮುಗಿಯಿತು. 2000ದ ಓಟದಲ್ಲಿ ಬಟನ್ ಮತ್ತು ಡಿ ಲಾ ರೋಸಾ ಅವರ ಕಾರುಗಳು ಮೊದಲ ಸುತ್ತಿನಲ್ಲೇ ಇಲ್ಲಿ ತಾಗಿಕೊಂಡು ರಸ್ತೆಗೆ ಅಡ್ಡ ನಿಂತವು. ಹಿಂದೆ ಬಂದವರಿಗೆ ದಾರಿಯೇ ಇಲ್ಲ! ಸಂತೆ ದಿನದ ಪೇಟೆಯಂತೆ ಕಾರುಗಳು ಒಂದರ ಹಿಂದೊಂದು ಸಿಕ್ಕಿಕೊಂಡು ಓಟವನ್ನೇ ನಿಲ್ಲಿಸಬೇಕಾಯಿತು. ಇದೇ ತಿರುವು ಒಬ್ಬರಿಗೆ ಒಲಿದದ್ದೂ ಉಂಟು. 1996ರಲ್ಲಿ 14ನೆಯ ಸ್ಥಾನದಿಂದ ಹೊರಟ ಒಲಿವಿಯೇ ಪಾನಿಸ್, ಎಡ್ಡಿ ಅರ್ವೈನ್ ಅವರನ್ನು ಇಲ್ಲೇ ಒಳಗಿನಿಂದ ನುಗ್ಗಿ ಹಿಂದಿಕ್ಕಿದರು. ಕೊನೆಗೆ ಓಟವನ್ನೂ ಗೆದ್ದರು.

ಸ್ಪೋರ್ಟ್ಸ್ ಕಾರುಗಳಿಗೆ ಈಚೆಗೆ ಒಂದು ಮದ್ದು ಸಿಕ್ಕಿದೆ: ಹಿಂದಿನ ಚಕ್ರಗಳನ್ನೂ ಹೊರಳಿಸುವುದು. ನಿಧಾನ ಹೋಗುವಾಗ ಅವು ಮುಂದಿನವಕ್ಕೆ ವಿರುದ್ಧ ದಿಕ್ಕಿನಲ್ಲಿ ಸ್ವಲ್ಪ ಹೊರಳಿದರೆ ಉದ್ದದ ಕಾರೂ ಗಿಡ್ಡ ಕಾರಿನಂತೆ ತಿರುಗುತ್ತದೆ. ಉಪಾಯ ಹೊಸದಲ್ಲ, ಹೊಂಡಾ ಪ್ರೆಲ್ಯೂಡ್ 1987ರಲ್ಲೇ ಹೀಗೆ ತಿರುಗುತ್ತಿತ್ತು. ಪೋರ್ಷೆ 911 ಜಿಟಿ3ಗೆ ಇದು 2013ರಲ್ಲಿ ಬಂತು, ಅವೆಂಟಡೋರಿಗೆ 2016ರಲ್ಲಿ. ಫಾರ್ಮುಲಾ ಒನ್‌ನಲ್ಲಿ ಬೆನೆಟನ್ ತಂಡ 1993ರಲ್ಲಿ ಪ್ರಯತ್ನಿಸಿತು. ಮರುವರ್ಷವೇ ನಿಷೇಧವಾಯಿತು. ಹೀಗಾಗಿ ಆ ಬಾಗಿಲು ಮುಚ್ಚಿದೆ.

1929ರ ಏಪ್ರಿಲ್ 14ರಂದು ಇಲ್ಲಿ ಮೊದಲ ಓಟ ಗೆದ್ದವರು ವಿಲಿಯಂ ಗ್ರೋವರ್-ವಿಲಿಯಮ್ಸ್. ಆಗ ನೂರು ಸುತ್ತು, ಹತ್ತಿರಹತ್ತಿರ ನಾಲ್ಕು ಗಂಟೆ. (ಮುಂದೆ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತಚರರಾಗಿ ಫ್ರಾನ್ಸಿನಲ್ಲಿ ಸಿಕ್ಕಿಬಿದ್ದು ಪ್ರಾಣ ಕೊಟ್ಟವರು ಇವರು. ಅವರದೇ ಒಂದು ಕಥೆ.) ಅವರ ಬುಗಾಟಿಯ ಚಕ್ರಗಳ ನಡುವಿನ ದೂರ 2.4 ಮೀಟರ್. ಅಲ್ಲಿಂದ ಮುಂದೆ ಬೀದಿ ಹೆಚ್ಚುಕಡಿಮೆ ಹಾಗೇ ಉಳಿಯಿತು, ಕಾರು ಬೆಳೆಯುತ್ತ ಹೋಯಿತು. ಪರಿಣಾಮ 2024ರಲ್ಲಿ ಢಾಳಾಗಿ ಕಂಡಿತು. ಹೊರಟಾಗ ಮೊದಲ ಹತ್ತು ಮಂದಿ ಯಾವ ಕ್ರಮದಲ್ಲಿ ನಿಂತಿದ್ದರೋ ಓಟ ಮುಗಿದಾಗಲೂ ಅದೇ ಕ್ರಮ! ಹಿಂದಿಕ್ಕಲು ಯಾರಿಗೂ ಜಾಗ ಸಿಕ್ಕಿರಲಿಲ್ಲ. 2025ರಲ್ಲಿ ಪ್ರತಿಯೊಬ್ಬರೂ ಎರಡು ಸಲ ಟೈರು ಬದಲಿಸಲೇಬೇಕೆಂದು ಕಟ್ಟಳೆ ಮಾಡಿದ್ದು ಆಟಕ್ಕೆ ಸ್ವಲ್ಪ ಜೀವ ಬರಲೆಂದೇ. ನನ್ನ ಮಟ್ಟಿಗೆ ಅದು ತಲೆನೋವಿಗೆ ಕಾಲು ನೀವಿದಂತೆ.

2026ರ ನಿಯಮಗಳು ಮೂಲಕ್ಕೇ ಕೈಹಾಕಿವೆ. ಕಾರಿನ ಅಗಲ ಎರಡು ಮೀಟರಿನಿಂದ 1.9 ಮೀಟರಿಗೆ ಇಳಿಯಿತು, ಚಕ್ರಗಳ ನಡುವಿನ ದೂರ ಹೆಚ್ಚೆಂದರೆ 3.4 ಮೀಟರ್. ಇಷ್ಟಾಗಿಯೂ ಅದು ಗ್ರೋವರ್-ವಿಲಿಯಮ್ಸ್ ಅವರ ಬುಗಾಟಿಗಿಂತ ಒಂದು ಮೀಟರ್ ಉದ್ದ.